ಹಳೇ ಲೇತನ್ನ ಲೆವೆಲ್ ಮಾಡಿ, ಟೇಪರ್ ತೆಗೆದು, ಬೋಟಿನ ಶಾಫ್ಟ್ ಹೊಡೆಯೋವರೆಗೆ: ಕರಾವಳಿ ವರ್ಕ್‌ಶಾಪ್‌ನವರಿಗೆ ಪೂರ್ತಿ ಮಾರ್ಗದರ್ಶಿ

ಲೇತಲ್ಲಿ ರಾಡ್ ಕಡ್ದು ವ್ಯಾಸ ಅಳೆದ್ರೆ ಚಕ್ (ರಾಡ್ ಹಿಡ್ದು ತಿರುಗ್ಸೋ ಹಿಡಿತ) ಹತ್ರ 40.00 ಮಿಮೀ ಬರ್ತದೆ, ಆ ಕಡೆ ತುದೀಲಿ 40.12. ಇಂಥಾ ಟೇಪರ್, ಅಂದ್ರೆ ಒಂದು ತುದಿ ದಪ್ಪ ಇನ್ನೊಂದು ಸಣ್ಣ, ಬಂದ ಕೂಡ್ಲೇ ನಮ್ಮಲ್ಲಿ ತೊಂಬತ್ತು ಪಾಲು ಜನ ಮಾಡೋದು ಒಂದೇ ಕೆಲ್ಸ, ಅಲೆನ್ ಕೀ ತಗೊಂಡು ರಾಡಿನ ಆ ತುದಿಗೆ ಆಸರೆ ಕೊಡೋ ಟೇಲ್‌ಸ್ಟಾಕಿನ ಸ್ಕ್ರೂ ತಿರುಗ್ಸೋದು. ಆ ಜಾಬ್ (ಕಡಿಯೋ ಮಾಲು) ಹೇಗೋ ಪಾಸ್ ಆಗ್ತದೆ, ಮರುದಿನ ಬರೀ ಚಕ್ಕಲ್ಲಿ ಹಿಡ್ದು ಏನೋ ಬೋರ್ ಮಾಡೋಕೆ ಹೋದ್ರೆ ಅದ್ರಲ್ಲೂ ಟೇಪರ್, ಅಲ್ಲಿ ಟೇಲ್‌ಸ್ಟಾಕ್ ಇರೋದೇ ಇಲ್ವಲ್ಲ ಮಾರಾಯ್ರೆ, ಈಗ ಯಾವ ಸ್ಕ್ರೂ ತಿರುಗಿಸ್ತೀರಿ? ಲೇತ್ ಅಡ್ಜಸ್ಟ್ ಮಾಡೋದ್ರಲ್ಲಿ ಕ್ರಮ ತುಂಬಾ ಮುಖ್ಯ. ಮೊದ್ಲು ನೆಲ, ಆಮೇಲೆ ಬೆಡ್ (ಎಲ್ಲಾ ಭಾಗ ಕೂರೋ ಉದ್ದ ತಳ), ಆಮೇಲೆ ಸ್ಪಿಂಡಲ್ (ಚಕ್ ತಿರುಗ್ಸೋ ದಂಡ), ಅದಾದ್ಮೇಲೆ ಟೇಲ್‌ಸ್ಟಾಕ್, ಕೊನೇಲಿ ಗಿಬ್ (ಸ್ಲೈಡಿನ ಸಡಿಲ ತೆಗಿಯೋ ಪಟ್ಟಿ) ಮತ್ತು ಟೂಲ್. ಈ ಕ್ರಮ ತಪ್ಪಿದ್ರೆ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂರಿಸಿ ಅಳತೆ ಸರಿ ಮಾಡ್ದಂಗಾಗ್ತದೆ ಅಷ್ಟೆ.

ಕಾರವಾರದಿಂದ ಭಟ್ಕಳದವರೆಗೆ ನೋಡಿದ್ರೆ ಹೆಚ್ಚಿನ ಲೇತ್‌ಗಳು ಸೆಕೆಂಡ್ ಹ್ಯಾಂಡ್, ಹುಬ್ಬಳ್ಳಿ ಬೆಳಗಾವಿ ಕಡೆಯಿಂದ ಲಾರೀಲಿ ಘಟ್ಟ ಇಳಿದು ಬಂದಿದ್ದು. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳು ಇನ್ನೂ ಓಡ್ತಾ ಇದಾವೆ, ಎಚ್‌ಎಂಟಿ ಇದೆ, ರಾಜ್‌ಕೋಟ್ ಬಟಾಲಾ ಮಾಲೂ ಇದೆ. ಯಾವ್ದೇ ಇರ್ಲಿ, ಕೆಳಗೆ ಬರೆದಿದ್ದು ಎಲ್ಲದಕ್ಕೂ ಹೊಂದ್ತದೆ. ಇದನ್ನ ಮೇ ತಿಂಗಳಲ್ಲೇ ಮಾಡಿ ಮುಗ್ಸೋದು ಒಳ್ಳೇದು, ಯಾಕಂದ್ರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳ ಮೀನುಗಾರಿಕೆ ಬಂದ್, ಬೈತಖೋಲ್, ಬೇಲೇಕೇರಿ, ತದಡಿ, ಹೊನ್ನಾವರ ಎಲ್ಲಾ ಕಡೆ ಬೋಟ್ ರಿಪೇರಿಗೆ ನಿಲ್ತಾವೆ, ಶಾಫ್ಟು ಬುಶ್ಶು ಎಲ್ಲಾ ಒಟ್ಟಿಗೇ ಬಾಗ್ಲಿಗೆ ಬರ್ತದೆ, ಆವಾಗ ಲೆವೆಲ್ ನೋಡ್ತಾ ಕೂರೋಕೆ ಪುರ್ಸೊತ್ತು ಎಲ್ಲಿ.

ಶುರು ಮಾಡೋ ಮೊದ್ಲು ಸೇಫ್ಟಿ ಬಗ್ಗೆ ಎರಡೇ ಮಾತು. ಲುಂಗಿ ಉಟ್ಕೊಂಡು ಲೇತ್ ಮುಂದೆ ನಿಲ್ಬೇಡಿ, ಸೆಕೆ ಎಷ್ಟೇ ಇರ್ಲಿ. ಕೈಗೆ ಗ್ಲೌಸ್ ಬೇಡ, ಉದ್ದ ತೋಳು ಬೇಡ, ಕೊರಳಲ್ಲಿ ದಾರ, ಕೈಲಿ ಉಂಗುರ ಏನೂ ಬೇಡ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಚಕ್ ಕೀ ಕೈ ಬಿಟ್ಟು ಚಕ್ಕಲ್ಲೇ ಇಡೋ ಅಭ್ಯಾಸ ಇದ್ರೆ ಇವತ್ತೇ ಬಿಡಿ. ಚಿಪ್ಸ್ (ಕಡಿದ ಲೋಹದ ಸುರುಳಿ) ಕೊಕ್ಕೆಯಿಂದ ಎಳೀರಿ, ಅದೂ ಮೆಷಿನ್ ನಿಲ್ಸಿ.

ನೆಲ ಮತ್ತು ಲೆವೆಲ್

ನಮ್ಮ ಕಡೆ ಶೆಡ್ ಅಂದ್ರೆ ಚಿರೆಕಲ್ಲಿನ ಗೋಡೆ, ಕೆಳಗೆ ಕೆಂಪು ಮಣ್ಣು ತುಂಬಿಸಿ ಮೇಲೆ ತೆಳ್ಳಗೆ ಕಾಂಕ್ರೀಟ್. ಮಳೆಗಾಲದಲ್ಲಿ ಕೆಳಗಿನ ಮಣ್ಣು ನೀರು ಕುಡೀತದೆ, ಬೇಸಿಗೇಲಿ ಒಣಗ್ತದೆ, ತೆಳು ನೆಲ ಅದ್ರ ಜೊತೆ ಸ್ವಲ್ಪ ಏರಿಳಿತದೆ. ಲೇತ್ ಬೆಡ್ ಬೀಡು ಕಬ್ಬಿಣ ಆದ್ರೂ ಉದ್ದಕ್ಕೆ ತಿರುಚ್ಕೊಳ್ತದೆ, ಒಂದು ಮಿಲಿಯ ನೂರನೇ ಒಂದೆರಡು ಪಾಲಿನ ಲೆಕ್ಕದಲ್ಲಿ, ಆದ್ರೆ ನಮ್ಮ ಕೆಲ್ಸ ಇರೋದೇ ಆ ಲೆಕ್ಕದಲ್ಲಿ. ಹಾಗಾಗಿ ಲೇತ್ ಕೂರೋ ಜಾಗದಲ್ಲಾದ್ರೂ ಅಗೆದು ಕಬ್ಬಿಣ ಕಟ್ಟಿ 150–200 ಮಿಮೀ ದಪ್ಪ ಕಾಂಕ್ರೀಟ್ ಹಾಕ್ಸಿ. ಕಾಲಿನ ಕೆಳಗೆ ಮರದ ತುಂಡು, ಹಳೇ ಟಯರ್ ತುಂಡು ಕೊಡ್ಬೇಡಿ. ಲೆವೆಲಿಂಗ್ ಬೋಲ್ಟ್ ಇಲ್ಲದ ಲೇತ್ ಆದ್ರೆ ಉಕ್ಕಿನ ಪ್ಲೇಟು ಮತ್ತು ಶಿಮ್ (ತೆಳು ತಗಡು) ಕೊಡಿ.

ಗಾರೆ ಮೇಸ್ತ್ರಿಯ ಸ್ಪಿರಿಟ್ ಲೆವೆಲ್ ಇಲ್ಲಿ ಉಪಯೋಗಕ್ಕೆ ಬರಲ್ಲ. ಮೀಟರಿಗೆ 0.02 ಮಿಮೀ ತೋರ್ಸೋ ಪ್ರಿಸಿಷನ್ ಲೆವೆಲ್ ಬೇಕು, ಸ್ವಂತ ಇಲ್ಲ ಅಂದ್ರೆ ಯಾರ ಹತ್ರಾದ್ರೂ ಒಂದು ದಿನಕ್ಕೆ ಕೇಳಿ ತನ್ನಿ. ಬೆಡ್ ಸೀಮೆಎಣ್ಣೇಲಿ ಒರ್ಸಿ, ಬರ್ (ಚೂಪು ಅಂಚು) ಎದ್ದಿದ್ರೆ ಸಾಣೆ ಕಲ್ಲಲ್ಲಿ ಮೆಲ್ಲಗೆ ತೆಗೀರಿ. ಲೆವೆಲ್ಲನ್ನ ಬೆಡ್ಡಿಗೆ ಅಡ್ಡ ಇಟ್ಟು ಹೆಡ್‌ಸ್ಟಾಕ್ (ಸ್ಪಿಂಡಲ್ ಇರೋ ಪೆಟ್ಟಿಗೆ) ಹತ್ರ ಒಂದು ರೀಡಿಂಗ್, ಅದೇ ದಿಕ್ಕಲ್ಲಿ ಹಿಡ್ಕೊಂಡು ಟೇಲ್‌ಸ್ಟಾಕ್ ತುದೀಲಿ ಇನ್ನೊಂದು ರೀಡಿಂಗ್. ಗುಳ್ಳೆ ನಡುವೆನೇ ನಿಲ್ಬೇಕು ಅಂತ ಏನಿಲ್ಲ, ಎರಡೂ ಕಡೆ ಒಂದೇ ಕಡೆಗೆ ಅಷ್ಟೇ ಸರ್ದಿದ್ರೆ ಬೆಡ್ ತಿರುಚಿಲ್ಲ ಅಂತ ಅರ್ಥ, ಹಡಗಲ್ಲೂ ಲೇತ್ ಇರ್ತದೆ, ಅಲ್ಲಿ ಲೆವೆಲ್ ಎಲ್ಲಿಂದ ಬರ್ಬೇಕು? ತಿರುಚು ಇರ್ಬಾರ್ದು, ಅಷ್ಟೆ. ಆದ್ರೂ ಕೂಲೆಂಟ್ ಸರಿಯಾಗಿ ಹರೀಲಿ, ಮುಂದೆ ಚೆಕ್ ಮಾಡೋಕೂ ಸುಲಭ ಅಂತ ನಡುವೆ ತಂದ್ಕೊಳ್ಳೋದು ಒಳ್ಳೇದು. ಒಂದೊಂದೇ ಬೋಲ್ಟ್ ಕಾಲು ಸುತ್ತು ತಿರುಗ್ಸಿ, ಲೆವೆಲ್ ಒಂದು ನಿಮಿಷ ಸುಮ್ನೆ ಬಿಟ್ಟು ಓದಿ. ಫೌಂಡೇಶನ್ ನಟ್ ಬಿಗಿ ಮಾಡಿದ್ಮೇಲೆ ಮತ್ತೆ ನೋಡ್ಲೇಬೇಕು, ಬಿಗಿ ಮಾಡೋವಾಗ್ಲೇ ಅರ್ಧ ಕೆಲ್ಸ ಹಾಳಾಗೋದು.

ಸ್ಪಿಂಡಲ್ಲು

ಇದು ಬೇಗ ಮುಗೀತದೆ. ಡಯಲ್ ಗೇಜನ್ನ (ಸಣ್ಣ ಅಲ್ಲಾಟ ಮುಳ್ಳಲ್ಲಿ ತೋರ್ಸೋ ಅಳತೆ ಸಾಧನ) ಸ್ಪಿಂಡಲ್ ಮೂತಿ ಮೇಲೆ ಇಟ್ಟು, ಚಕ್ ಕೆಳಗೆ ಮರದ ರೀಪ್ ಕೊಟ್ಟು ಮೇಲಕ್ಕೆ ಎತ್ತಿ ನೋಡಿ. 0.01–0.02 ಅಲ್ಲಾಡಿದ್ರೆ ಹಳೇ ಲೇತಿಗೆ ಪರ್ವಾಗಿಲ್ಲ. ಐದಾರು ಗೆರೆ (0.05–0.06) ಹಾರಿದ್ರೆ ಬೇರಿಂಗ್ ಹಿಂದಿನ ನಟ್ ಸ್ವಲ್ಪ ಬಿಗಿ ಮಾಡ್ಬೇಕು, ತೀರಾ ಸ್ವಲ್ಪ. ಬಿಗಿ ಮಾಡಿ ಅರ್ಧ ಗಂಟೆ ಮಧ್ಯದ ಸ್ಪೀಡಲ್ಲಿ ಖಾಲಿ ಓಡ್ಸಿ, ಹೆಡ್‌ಸ್ಟಾಕ್ ಮೇಲೆ ಕೈ ಇಡೋಕೆ ಆಗ್ದಷ್ಟು ಬಿಸಿಯಾದ್ರೆ ಜಾಸ್ತಿ ಬಿಗಿಯಾಗಿದೆ. ಬೇರಿಂಗ್ ಲೂಸ್ ಇಟ್ಕೊಂಡು ಟೂಲ್ ಕುಣೀತದೆ, ಫಿನಿಶ್ ಬರಲ್ಲ ಅಂತ ಟಿಪ್ ಬದಲ್ಸ್ತಾ ಕೂತವ್ರು ಬೇಕಷ್ಟು ಜನ ಇದಾರೆ.

ಟೇಲ್‌ಸ್ಟಾಕ್ ಇಲ್ಲದೆ ಟೆಸ್ಟ್ ಕಟ್

ಇದನ್ನ ದಯವಿಟ್ಟು ಬಿಡ್ಬೇಡಿ. 40 ಮಿಮೀ ಆಸುಪಾಸಿನ ಮೈಲ್ಡ್ ಸ್ಟೀಲ್ ರಾಡ್ ಚಕ್ಕಲ್ಲಿ ಹಿಡ್ದು 120–150 ಮಿಮೀ ಹೊರಗೆ ಬಿಡಿ, ಟೇಲ್‌ಸ್ಟಾಕ್ ದೂರ ಸರ್ಸಿಬಿಡಿ. ನಡುವಿನ ಭಾಗ ಒಂದು ಮಿಲಿ ತಗ್ಸಿ, ಎರಡು ತುದೀಲಿ ಹತ್ತು ಹನ್ನೆರಡು ಮಿಮೀ ಅಗಲದ ಉಂಗುರ ಥರ ಉಳಿಸ್ಕೊಳ್ಳಿ. ಟೂಲ್ ಹೊಸದಾಗಿ ಸಾಣೆ ಹಿಡ್ದು, ಕ್ರಾಸ್ ಸ್ಲೈಡ್ (ಟೂಲನ್ನ ಜಾಬ್ ಕಡೆ ಒಳಗೆ ಹೊರಗೆ ಸರ್ಸೋದು) ಮುಟ್ಟದೆ ಒಂದೇ ಸೆಟ್ಟಿಂಗಲ್ಲಿ ಎರಡೂ ಉಂಗುರದ ಮೇಲೆ 0.05–0.1 ಮಿಮೀ ಹಗುರ ಕಟ್ ಎಳೀರಿ. ಮೈಕ್ರೋಮೀಟರಲ್ಲಿ ಅಳೀರಿ, ವರ್ನಿಯರ್ ಬೇಡ.

ಹೊರಗಿನ ತುದಿ ದಪ್ಪ ಬಂತು ಅಂದ್ರೆ ಆ ಕಡೆ ಹೋಗ್ತಾ ಟೂಲ್ ಜಾಬಿನಿಂದ ದೂರ ಸರೀತಾ ಇದೆ. ಟೇಲ್‌ಸ್ಟಾಕ್ ಕಡೆಯ ಮುಂದಿನ ಕಾಲು, ಅಂದ್ರೆ ನೀವು ನಿಂತ ಕಡೆಯದ್ದು, ಸ್ವಲ್ಪ ಎತ್ತಿ. ಬೆಡ್ ಅಲ್ಲಿ ಹಿಂದಕ್ಕೆ ವಾಲಿ ಟೂಲನ್ನ ಜಾಬ್ ಕಡೆ ತಳ್ತದೆ. ಹೊರಗಿನ ತುದಿ ಸಣ್ಣ ಬಂದ್ರೆ ಹಿಂದಿನ ಕಾಲು ಎತ್ತಿ. ಒಂದ್ಸಲಕ್ಕೆ 0.1 ಶಿಮ್ಮಿಗಿಂತ ಜಾಸ್ತಿ ಬೇಡ, ಪ್ರತಿ ಸಲ ಹೊಸ ಕಟ್ ಎಳ್ದು ಅಳೀರಿ. 100 ಮಿಮೀ ಉದ್ದಕ್ಕೆ ವ್ಯಾಸದಲ್ಲಿ 0.01 ಒಳಗೆ ಬಂದ್ರೆ ಬೋಟ್ ಕೆಲ್ಸಕ್ಕೆ, ಶಿರಸಿ ಕಡೆಯ ಅಡಿಕೆ ಸುಲಿಯೋ ಮೆಷಿನ್ ಶಾಫ್ಟಿಗೆ, ಪಂಪ್ ಶಾಫ್ಟಿಗೆ ಧಾರಾಳ ಆಯ್ತು.

ಎಷ್ಟು ಎತ್ತಿದ್ರೂ ಚಕ್ ಹತ್ರದ ಒಂದಡಿ ಮಾತ್ರ ಸರಿ ಬರ್ತಿಲ್ಲ, ಮುಂದಿನದ್ದು ಸರಿ ಇದೆ ಅಂದ್ರೆ ಬೆಡ್ ಸವ್ದಿದೆ ಅಂತ ಲೆಕ್ಕ. ಹಳೇ ಲೇತ್‌ಗಳೆಲ್ಲ ಅಲ್ಲೇ ಸವೆಯೋದು, ಎಲ್ಲಾ ಕೆಲ್ಸ ನಡಿಯೋದು ಅಲ್ಲೇ ಅಲ್ವಾ. ಅದಕ್ಕೆ ಬೆಡ್ ಗ್ರೈಂಡಿಂಗೋ ಸ್ಕ್ರೇಪಿಂಗೋ ಆಗ್ಬೇಕು, ಶಿಮ್ ಕೊಟ್ರೆ ಹೋಗಲ್ಲ.

ಈಗ ಟೇಲ್‌ಸ್ಟಾಕ್

ಮೊದ್ಲು ಎತ್ತರ ನೋಡಿ. ಹಳೇ ಟೇಲ್‌ಸ್ಟಾಕ್ ತಳ ಸವ್ದು ಕೆಳಗೆ ಇಳ್ದಿರ್ತದೆ, ಹೆಡ್‌ಸ್ಟಾಕ್ ಸೆಂಟರಿಗೂ (ರಾಡ್ ತುದಿ ಹಿಡಿಯೋ ಚೂಪು ಮೊನೆ) ಇದರ ಸೆಂಟರಿಗೂ ಮೂತಿಗೆ ಮೂತಿ ತಂದು ನೋಡಿದ್ರೆ ಕಣ್ಣಿಗೇ ಕಾಣ್ಸೋದುಂಟು. ಅದನ್ನ ಸರಿ ಮಾಡೋಕೆ ಸ್ಕ್ರೂ ಇಲ್ಲ, ಬಾಡಿಗೂ ತಳದ ಪ್ಲೇಟಿಗೂ ನಡುವೆ ಶಿಮ್ ಕೊಡ್ಬೇಕು.

ಆಮೇಲೆ ಅಡ್ಡ ಸರ್ಸೋದು. 300 ಮಿಮೀ ರಾಡ್ ಎರಡು ಸೆಂಟರ್ ನಡುವೆ ಹಿಡ್ದು ಅದೇ ಥರ ಎರಡು ತುದೀಲಿ ಕಟ್. ಟೇಲ್‌ಸ್ಟಾಕ್ ತುದಿ 0.10 ದಪ್ಪ ಬಂದ್ರೆ ಟೇಲ್‌ಸ್ಟಾಕ್ ನಿಮ್ಮ ಕಡೆಗೆ 0.05 ಬರ್ಬೇಕು, ಸಣ್ಣ ಬಂದ್ರೆ ಆ ಕಡೆಗೆ ಹೋಗ್ಬೇಕು. ಅರ್ಧ ಅನ್ನೋದು ನೆನಪಿರ್ಲಿ. ಕ್ವಿಲ್ (ಟೇಲ್‌ಸ್ಟಾಕಿಂದ ಮುಂದೆ ಬರೋ ಕೊಳವೆ) ಪಕ್ಕಕ್ಕೆ ಡಯಲ್ ಗೇಜ್ ಇಟ್ಕೊಂಡೇ ಒಂದು ಸ್ಕ್ರೂ ಸಡ್ಲಿಸಿ ಎದುರಿನದ್ದು ಬಿಗಿ ಮಾಡಿ, ಇಲ್ಲಾಂದ್ರೆ ಕತ್ತಲಲ್ಲಿ ಕಲ್ಲು ಹೊಡ್ದಂಗೆ. ಕ್ಲ್ಯಾಂಪ್ ಬಿಗಿ ಮಾಡಿದ್ಮೇಲೆ ಡಯಲ್ ಮತ್ತೆ ಓದಿ, ಸರೀದೇ ಇರಲ್ಲ.

ಗಿಬ್, ಬ್ಯಾಕ್‌ಲ್ಯಾಶ್

ಕ್ರಾಸ್ ಸ್ಲೈಡು, ಅದ್ರ ಮೇಲೆ ಬೇಕಾದ ಕೋನಕ್ಕೆ ತಿರುಗೋ ಸಣ್ಣ ಸ್ಲೈಡಾದ ಕಾಂಪೌಂಡ್ ಎರಡಕ್ಕೂ ಗಿಬ್ ಇರ್ತದೆ, ಕೆಲವಕ್ಕೆ ಸಾಲಾಗಿ ಸ್ಕ್ರೂ ಇರೋ ಪಟ್ಟಿ, ಕೆಲವಕ್ಕೆ ಬೆಣೆ ಥರದ್ದು ಮುಂದೆ ಹಿಂದೆ ಒಂದೊಂದು ಸ್ಕ್ರೂ. ಹ್ಯಾಂಡಲ್ ತಿರುಗ್ಸ್ತಾ ತಿರುಗ್ಸ್ತಾ ಸ್ಲೈಡ್ ಗಟ್ಟಿ ಆಗೋವರೆಗೆ ಬಿಗಿ ಮಾಡಿ, ಆಮೇಲೆ ಒಂಚೂರು ಸಡ್ಲ ಬಿಡಿ. ಪೂರ್ತಿ ಉದ್ದಕ್ಕೆ ಒಂದೇ ಥರ ಓಡಲ್ಲ, ಸವ್ದ ಜಾಗದಲ್ಲಿ ಸಡ್ಲ, ಸವೀದ ಜಾಗದಲ್ಲಿ ಬಿಗಿ, ಹಾಗಿದ್ರೆ ನೀವು ದಿನಾ ಕೆಲ್ಸ ಮಾಡೋ ಜಾಗಕ್ಕೆ ಹೊಂದ್ಸಿಕೊಳ್ಳಿ.

ಬ್ಯಾಕ್‌ಲ್ಯಾಶ್, ಅಂದ್ರೆ ದಿಕ್ಕು ಬದಲ್ಸಿದಾಗ ಸ್ಲೈಡ್ ಸರೀದೆ ಹ್ಯಾಂಡಲ್ ಖಾಲಿ ತಿರುಗೋದು, ಪೂರ್ತಿ ತೆಗಿಯೋಕೆ ಹೋಗ್ಬೇಡಿ. 0.1–0.2 ಇದ್ರೂ ಕೆಲ್ಸ ನಡೀತದೆ, ಯಾವಾಗ್ಲೂ ಒಳಗಡೆ ತಿರುಗ್ಸೇ ಅಳತೆಗೆ ಬನ್ನಿ. ಜಾಸ್ತಿ ಒಳಗೆ ಹೋಯ್ತು ಅಂದ್ರೆ ಎರಡು ಗೆರೆ ಹಿಂದೆ ತಿರುಗ್ಸಿದ್ರೆ ಸಾಲ್ದು, ಅರ್ಧ ಸುತ್ತು ಹಿಂದೆ ತಂದು ಮತ್ತೆ ಒಳಗೆ ಹೋಗಿ. ಇನ್ನೊಂದು, ನಿಮ್ಮ ಹ್ಯಾಂಡಲ್ ಮೇಲಿನ ಡಯಲ್‌ನ ಒಂದು ಗೆರೆ ಟೂಲ್ ಮುಂದೆ ಹೋಗೋ ಲೆಕ್ಕವಾ, ವ್ಯಾಸದ ಲೆಕ್ಕವಾ ಅಂತ ಗೊತ್ತಿರ್ಬೇಕು. ಬೇರೆ ಶಾಪಿಂದ ಬಂದ ಹುಡುಗ್ರು ಮೊದಲ ದಿನ ಮಾಲು ಕೆಡ್ಸೋದೇ ಇಲ್ಲಿ. ಹತ್ತು ಗೆರೆ ಒಳಗೆ ಕೊಟ್ಟು ಕಟ್ ಎಳ್ದು, ವ್ಯಾಸ ಎಷ್ಟು ಕಡಿಮೆಯಾಯ್ತು ಅಂತ ಅಳ್ದು ಹೆಡ್‌ಸ್ಟಾಕ್ ಮೇಲೆ ಪೇಂಟಲ್ಲಿ ಬರೆದಿಡಿ.

ಟೂಲ್ ಎತ್ತರ, ಸ್ಪೀಡ್, ಫೀಡ್

ಟೂಲ್ ತುದಿ ಸೆಂಟರ್ ಎತ್ತರಕ್ಕೇ ಇರ್ಬೇಕು. ಟೂಲಿಗೂ ಜಾಬಿಗೂ ನಡುವೆ ಸಣ್ಣ ಉಕ್ಕಿನ ಸ್ಕೇಲ್ ಹಿಡ್ದು ಮೆಲ್ಲಗೆ ಒತ್ತಿ, ಸ್ಕೇಲ್ ನೆಟ್ಟಗೆ ನಿಂತ್ರೆ ಸರಿ. ಸ್ಕೇಲಿನ ಮೇಲ್ತುದಿ ನಿಮ್ಮ ಕಡೆ ವಾಲಿದ್ರೆ ಟೂಲ್ ಕೆಳಗಿದೆ, ಆ ಕಡೆ ವಾಲಿದ್ರೆ ಮೇಲಿದೆ. ಜಾಬ್ ನಿಂತಿರೋವಾಗ ಮಾತ್ರ ಮಾಡಿ. ಕಾರ್ಬೈಡ್ ಟಿಪ್ ಆದ್ರೆ ಮೆತ್ತಗೆ ಒತ್ತಿ, ತುದಿ ಹಾರ್ತದೆ. ಟೂಲ್ ಹೊರಗೆ ಬಿಟ್ಟಿದ್ದು ಎಷ್ಟು ಕಮ್ಮಿಯೋ ಅಷ್ಟು ಒಳ್ಳೇದು, ಕೆಳಗೆ ಹ್ಯಾಕ್ಸಾ ಬ್ಲೇಡ್ ತುಂಡು ನಾಕು ಐದು ತುರುಕೋದಕ್ಕಿಂತ ಒಂದು ದಪ್ಪ ಪ್ಯಾಕಿಂಗ್ ಕೊಡಿ.

ಸ್ಪೀಡಿಗೆ ತಲೆ ಕೆಡ್ಸ್ಕೊಳ್ಳೋ ಸೂತ್ರ ಬೇಡ. 318ನ್ನ ಕಟಿಂಗ್ ಸ್ಪೀಡಿಂದ ಗುಣಿಸಿ ವ್ಯಾಸದಿಂದ ಭಾಗಿಸಿ, ಆರ್‌ಪಿಎಂ ಸಿಗ್ತದೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿಗೆ ಮೈಲ್ಡ್ ಸ್ಟೀಲ್ ನಿಮಿಷಕ್ಕೆ 25–30 ಮೀಟರ್, ಬೀಡು 18–20, ಸ್ಟೇನ್‌ಲೆಸ್ 12–18, ಗನ್‌ಮೆಟಲ್ (ತಾಮ್ರ ತವರದ ಮಿಶ್ರಲೋಹ) 30ರ ಮೇಲೆ ಧಾರಾಳ. 40 ಮಿಮೀ ಮೈಲ್ಡ್ ಸ್ಟೀಲ್ ಅಂದ್ರೆ 318 ಗುಣಿಸು 25 ಭಾಗಿಸು 40, ಸುಮಾರು 200 ಆರ್‌ಪಿಎಂ. ಅದೇ 50 ಮಿಮೀ ಸ್ಟೇನ್‌ಲೆಸ್‌ಗೆ 15ರ ಲೆಕ್ಕದಲ್ಲಿ 95. ಗೇರಲ್ಲಿ ಅಷ್ಟೇ ಇಲ್ಲ ಅಂದ್ರೆ ಹತ್ತಿರದ ಕಡಿಮೆ ಸ್ಪೀಡ್ ಹಾಕಿ. ಕಾರ್ಬೈಡ್ ಇದರ ಮೂರು ನಾಲ್ಕು ಪಟ್ಟು ಓಡ್ತದೆ, ಆದ್ರೆ ಲೇತಲ್ಲಿ ಅಷ್ಟು ಗಟ್ಟಿತನ ಮತ್ತು ಮೋಟಾರಲ್ಲಿ ಅಷ್ಟು ದಮ್ ಇರ್ಬೇಕು. ಫೀಡ್, ಅಂದ್ರೆ ಜಾಬ್ ಒಂದು ಸುತ್ತು ತಿರುಗೋವಾಗ ಟೂಲ್ ಸರಿಯೋ ದೂರ, ರಫಿಂಗಿಗೆ (ಮೊದಲ ಒರಟು ಕಟ್) 0.2–0.3 ಮಿಮೀ, ಫಿನಿಶಿಂಗಿಗೆ 0.05–0.1.

ಬೋಟಿನ ಶಾಫ್ಟ್, ಮೊದಲಿಂದ ಕೊನೆವರೆಗೆ

ಮೊದ್ಲು ಶಾಫ್ಟ್ (ಪ್ರೊಪೆಲ್ಲರ್ ತಿರುಗ್ಸೋ ದಂಡ) ಸೊಟ್ಟ ಇದೆಯಾ ನೋಡಿ. ವಿ ಬ್ಲಾಕ್ ಮೇಲೆ ಇಟ್ಟು ಕೈಲಿ ತಿರುಗ್ಸ್ತಾ ಅಲ್ಲಲ್ಲಿ ಡಯಲ್ ಓದಿ. ಸೊಟ್ಟ ಇರೋದನ್ನ ಪ್ರೆಸ್ಸಲ್ಲಿ ನೆಟ್ಟಗೆ ಮಾಡದೆ ಲೇತಿಗೆ ಹಾಕಿದ್ರೆ ಒಂದು ಕಡೆ ಮಾತ್ರ ತಿಂದು ಹೋಗ್ತದೆ. ಹೊಸ ರಾಡ್ ಆದ್ರೂ ನೋಡಿ, ಲಾರೀಲಿ ಹೇಗೆ ಬಂದಿರ್ತದೋ ದೇವರಿಗೇ ಗೊತ್ತು.

ಉದ್ದ ಶಾಫ್ಟ್ ಸ್ಪಿಂಡಲ್ ತೂತಲ್ಲಿ ತೂರ್ಸಿ ತುದಿ ಕೆಲ್ಸ ಮಾಡೋದು ರೂಢಿ. ಹೆಡ್‌ಸ್ಟಾಕ್ ಹಿಂದೆ ಶಾಫ್ಟ್ ಮಾರುದ್ದ ಚಾಚ್ಕೊಂಡಿರ್ತದೆ, ಅದಕ್ಕೆ ಹಿಂದೆ ಸ್ಟ್ಯಾಂಡ್ ಕೊಟ್ಟು ಮರದ ಬುಶ್ಶಲ್ಲಿ ಹಿಡೀದೆ ಸ್ಪೀಡ್ ಹಾಕಿದ್ರೆ ತುದಿ ಬಳುಕೋಕೆ ಶುರುವಾಗಿ ಕ್ಷಣದಲ್ಲಿ ಬಾಗಿ ಗೋಡೆ ಬಡೀತದೆ, ಹತ್ರ ಯಾರಾದ್ರೂ ಇದ್ರೆ ಅವ್ರ ಕಥೆ ಮುಗೀತು. ಇದು ಹೆದರ್ಸೋಕೆ ಹೇಳ್ತಿರೋ ಮಾತಲ್ಲ. ಸ್ಟ್ಯಾಂಡ್ ಕೊಟ್ರೂ ಕಡಿಮೆ ಸ್ಪೀಡಲ್ಲೇ ಮಾಡಿ, ಆ ಜಾಗಕ್ಕೆ ಅಡ್ಡ ಕಟ್ಟಿ.

ಚಕ್ಕಿಂದ ಹೊರಗೆ ವ್ಯಾಸದ ನಾಲ್ಕು ಪಟ್ಟಿಗಿಂತ ಜಾಸ್ತಿ ಬಂದ್ರೆ ಟೇಲ್‌ಸ್ಟಾಕ್ ಸೆಂಟರ್ ಬೇಕು, ಹತ್ತು ಹನ್ನೆರಡು ಪಟ್ಟು ಮೀರಿದ್ರೆ ನಡುವೆ ಆಸರೆ ಕೊಡೋ ಸ್ಟೆಡಿ ಬೇಕು. ಸ್ಟೆಡಿಯ ಮೂರು ಬೆರಳು ಕೂರೋ ಜಾಗ ಮೊದ್ಲೇ ಹಗುರ ಕಟ್ಟಲ್ಲಿ ದುಂಡಗೆ ಮಾಡ್ಕೊಳ್ಳಿ, ಎಣ್ಣೆ ಬಿಡ್ತಾ ಇರಿ. ಸ್ಟೇನ್‌ಲೆಸ್ ಬಿಸಿಗೆ ಜಾಸ್ತಿ ಹಿಗ್ತದೆ, ಒಂದು ಮೀಟರ್ ಶಾಫ್ಟ್ 30 ಡಿಗ್ರಿ ಬಿಸಿಯಾದ್ರೆ ಅರ್ಧ ಮಿಲಿ ಉದ್ದ ಆಗ್ತದೆ, ಎರಡು ಕಡೆ ಬಿಗಿ ಹಿಡ್ದಿದ್ರೆ ನಡುವೆ ಬಿಲ್ಲಾಗ್ತದೆ. ಹಾಗಾಗಿ ನಡುನಡುವೆ ನಿಲ್ಸಿ ಸೆಂಟರ್ ಸಡ್ಲಿಸಿ ಮತ್ತೆ ಕೊಡಿ.

ಸ್ಟೇನ್‌ಲೆಸ್ಸಿಗೆ ಇನ್ನೊಂದು ಗುಣ ಉಂಟು. ಟೂಲ್ ಕಡೀದೆ ಬರೀ ಉಜ್ಜಿದ್ರೆ ಮೇಲ್ಮೈ ಗಟ್ಟಿಯಾಗ್ತದೆ, ಆಮೇಲೆ ಯಾವ ಟೂಲೂ ಹತ್ತಲ್ಲ. ಅದಕ್ಕೇ 0.2ಕ್ಕಿಂತ ಕಡಿಮೆ ಕಟ್ ಕೊಡ್ಬೇಡಿ, ಫೀಡ್ ನಡುವೆ ನಿಲ್ಸ್ಬೇಡಿ, ಮೊಂಡು ಟೂಲಲ್ಲಿ ಇನ್ನೊಂದು ಸಲ ಎಳಿಯೋಣ ಅನ್ಬೇಡಿ. ಕೊನೇ ಅಳತೆಗೆ 0.5 ವ್ಯಾಸ ಉಳಿಸ್ಕೊಂಡು ಒಂದೇ ಕಟ್ಟಲ್ಲಿ ಮುಗ್ಸಿ. ಕೂಲೆಂಟ್ ಧಾರೆ ಬಿಡ್ದೆ ಬೀಳ್ಬೇಕು.

ಪ್ರೊಪೆಲ್ಲರ್ ಕೂರೋ ಟೇಪರ್ ಎಷ್ಟು ಅಂತ ಹಳೇ ಶಾಫ್ಟಿಂದ ಅಳೀಬೇಡಿ, ಸವ್ದಿರ್ತದೆ. ಪ್ರೊಪೆಲ್ಲರ್ ಬಾಸ್‌ನ (ಶಾಫ್ಟ್ ಕೂರೋ ನಡುಭಾಗ) ಎರಡೂ ಕಡೆ ಒಳವ್ಯಾಸ, ಉದ್ದ ಅಳೀರಿ. ದೊಡ್ಡದರಿಂದ ಸಣ್ಣದು ಕಳೆದು ಉದ್ದದಿಂದ ಭಾಗಿಸಿ. 1:10 ಬಂದ್ರೆ ಕಾಂಪೌಂಡ್ 2 ಡಿಗ್ರಿ 52 ಮಿನಿಟ್, 1:12 ಆದ್ರೆ 2 ಡಿಗ್ರಿ 23 ಮಿನಿಟ್, 1:16 ಆದ್ರೆ 1 ಡಿಗ್ರಿ 47 ಮಿನಿಟ್. ಕಾಂಪೌಂಡಿನ ಗೆರೆ ನೋಡಿ ಈ ಮಿನಿಟ್ ಹೊಂದ್ಸೋಕೆ ಸಾಧ್ಯ ಇಲ್ಲ. ನೆಟ್ಟಗಿರೋ ಒಂದು ರಾಡ್ ಹಿಡ್ದು ಟೂಲ್ ಪೋಸ್ಟಲ್ಲಿ ಡಯಲ್ ಕಟ್ಟಿ, 1:12ಗೆ ಕಾಂಪೌಂಡ್ 24 ಮಿಮೀ ಸರ್ಸಿದ್ರೆ ಡಯಲ್ ಸರೀ 1 ಮಿಮೀ ತೋರ್ಸ್ಬೇಕು, 1:10ಗೆ 20 ಮಿಮೀಗೆ 1. ಅಷ್ಟು ಬರೋವರೆಗೆ ಮೆಲ್ಲಗೆ ತಟ್ಟಿ ಬಿಗಿ ಮಾಡಿ. ಟೇಪರ್ ಎಳಿಯೋವಾಗ ಟೂಲ್ ಎತ್ತರ ಒಂಚೂರು ತಪ್ಪಿದ್ರೂ ಮೈ ಹೊಟ್ಟೆ ಬಿದ್ದಂಗೆ ಬರ್ತದೆ, ಕೋನ ಸರಿ ಇದ್ರೂ ಕೂರಲ್ಲ. ಕ್ಯಾರೇಜ್ (ಬೆಡ್ ಮೇಲೆ ಟೂಲ್ ಹೊತ್ತು ಸರಿಯೋ ಭಾಗ) ಲಾಕ್ ಮಾಡಿ.

ಕೊನೇಲಿ ಶಾಫ್ಟಿಗೆ ಉದ್ದಕ್ಕೆ ಮೂರು ಗೆರೆ ಬ್ಲೂ (ಗುರುತಿನ ನೀಲಿ ಬಣ್ಣ) ಹಚ್ಚಿ ಪ್ರೊಪೆಲ್ಲರ್ ಕೂರ್ಸಿ ಕಾಲು ಸುತ್ತು ತಿರುಗ್ಸಿ ತೆಗೀರಿ. ಪೂರ್ತಿ ಉದ್ದಕ್ಕೆ ಬಣ್ಣ ಅಳ್ಸಿದ್ರೆ ಸರಿ. ದಪ್ಪ ತುದೀಲಿ ಮಾತ್ರ ಅಳ್ಸಿದ್ರೆ ಕೋನ ಜಾಸ್ತಿ, ಸಣ್ಣ ತುದೀಲಿ ಮಾತ್ರ ಅಂದ್ರೆ ಕಡಿಮೆ. ಕೀ (ಶಾಫ್ಟಿಗೂ ಪ್ರೊಪೆಲ್ಲರಿಗೂ ನಡುವೆ ಕೂರೋ ಲೋಹದ ತುಂಡು) ಹಾಕದೆಯೇ ಈ ಟೆಸ್ಟ್ ಮಾಡ್ಬೇಕು, ಪ್ರೊಪೆಲ್ಲರ್ ಹಿಡ್ಕೊಳ್ಳೋದು ಟೇಪರ್, ಕೀ ಬರೀ ಭದ್ರತೆಗೆ.

ನಟ್ಟಿನ ಥ್ರೆಡ್. ಎಂ 30 (30 ಮಿಮೀ ವ್ಯಾಸದ) ಕೋರ್ಸ್ ಥ್ರೆಡ್ ಪಿಚ್, ಅಂದ್ರೆ ಒಂದು ಕಚ್ಚಿಂದ ಇನ್ನೊಂದಕ್ಕೆ ದೂರ, 3.5, ಕ್ಯಾರೇಜ್ ಎಳಿಯೋ ಲೀಡ್‌ಸ್ಕ್ರೂ ಪಿಚ್ 6 ಮಿಮೀ ಅಂದ್ರೆ ಗೇರ್ ಅನುಪಾತ 35ಕ್ಕೆ 60. ಪಿಚ್ 3 ಆದ್ರೆ 6ರಲ್ಲಿ ಸರಿಯಾಗಿ ಹೋಗ್ತದೆ, ಹಾಫ್‌ನಟ್ (ಲೀಡ್‌ಸ್ಕ್ರೂವನ್ನ ಕಚ್ಚಿ ಹಿಡಿಯೋದು) ಎಲ್ಲಿ ಹಾಕಿದ್ರೂ ಅದೇ ಕಚ್ಚಿಗೆ ಬರ್ತದೆ. 3.5 ಹಾಗಲ್ಲ, ಹಾಫ್‌ನಟ್ ಬಿಡ್ದೆ ಟೂಲ್ ಹೊರಗೆ ತೆಗ್ದು ಮೋಟಾರ್ ರಿವರ್ಸಲ್ಲಿ ವಾಪಸ್ ಬರ್ಬೇಕು. ಚಕ್ ಸ್ಪಿಂಡಲಿಗೆ ಥ್ರೆಡ್ಡಲ್ಲಿ ಕೂತಿದ್ರೆ ಜೋರಾಗಿ ರಿವರ್ಸ್ ಕೊಡ್ಬೇಡಿ, ಬಿಚ್ಕೊಂಡು ಕಾಲ ಮೇಲೆ ಬೀಳ್ತದೆ, ಪೂರ್ತಿ ನಿಂತ ಮೇಲೇ ರಿವರ್ಸ್. ಕಾಂಪೌಂಡ್ 29.5 ಡಿಗ್ರಿಗೆ ಇಟ್ಟು ಅದ್ರಲ್ಲೇ ಒಳಗೆ ಕೊಟ್ರೆ ಟೂಲಿನ ಒಂದೇ ಬದಿ ಕಡೀತದೆ, ಹೊರೆ ಕಮ್ಮಿ. ಆಳ ಪಿಚ್ಚಿನ 0.613 ಪಟ್ಟು, 3.5ಕ್ಕೆ 2.15 ಮಿಮೀ, ಕಾಂಪೌಂಡ್ ಡಯಲಲ್ಲಿ ಅದು 2.47 ಆಗ್ತದೆ. ಕೊನೇ ಎರಡು ಮೂರು ಕಟ್ಟಲ್ಲಿ ನಟ್ ಹಾಕಿ ಹಾಕಿ ನೋಡಿ. ಕಟಿಂಗ್ ಆಯಿಲ್ ಮುಗ್ದಿದ್ರೆ ಥ್ರೆಡ್ಡಿಗೆ, ಟ್ಯಾಪ್ ಹೊಡಿಯೋಕೆ ತೆಂಗಿನೆಣ್ಣೆ ಚೆನ್ನಾಗೇ ನಡೀತದೆ, ಮನೇಲಿ ಬೈಸ್ಕೊಳ್ಳೋ ಧೈರ್ಯ ಇದ್ರೆ.

ಗನ್‌ಮೆಟಲ್ ಬುಶ್ ಬೋರ್ ಮಾಡೋವಾಗ ಟೂಲಿನ ಮೇಲ್ಮೈ ಚಪ್ಪಟೆ ಇರ್ಲಿ. ಸ್ಟೀಲಿಗೆ ಹಿಡ್ದ ಇಳಿಜಾರಿನ ಟೂಲೇ ಹಾಕಿದ್ರೆ ಒಳಗೆ ಎಳ್ಕೊಂಡು ಕಚ್ತದೆ.

ಮಳೆಗಾಲ

ಉಪ್ಪು ಗಾಳಿ, ಹಸಿ ಹವೆ, ಎರಡೂ ಸೇರಿ ಒಂದು ರಾತ್ರೀಲಿ ಬೆಡ್ ಮೇಲೆ ಕೆಂಪು ಬರ್ತದೆ. ಸಂಜೆ ಚಿಪ್ಸ್ ಗುಡ್ಸಿ, ಕೂಲೆಂಟ್ ಒರ್ಸಿ, 68 ನಂಬರ್ ಎಣ್ಣೆ ತೆಳ್ಳಗೆ ಸವರಿ. ಬೆವರು ಕೈಯಿಂದ ಮುಟ್ಟಿದ ಜಾಗ ಮೊದ್ಲು ತುಕ್ಕು ಹಿಡಿಯೋದು, ಚಕ್ಕಿನ ಮೂತಿ, ಕ್ವಿಲ್ ಇವನ್ನ ಮರೀಬೇಡಿ. ಪ್ಲಾಸ್ಟಿಕ್ ಶೀಟ್ ಬಿಗಿಯಾಗಿ ಹೊದಿಸಿದ್ರೆ ಒಳಗೇ ನೀರು ಹನಿಯಾಗಿ ನಿಲ್ತದೆ, ಹತ್ತಿ ಬಟ್ಟೆಗೆ ಎಣ್ಣೆ ಹಚ್ಚಿ ಹೊದಿಸಿ. ಕೂಲೆಂಟ್ ಒಂದಕ್ಕೆ ಇಪ್ಪತ್ತು ನೀರಿನ ಲೆಕ್ಕದಲ್ಲಿ ಕಲ್ಸಿ, ನೀರಿಗೆ ಎಣ್ಣೆ ಹಾಕಿ, ಎಣ್ಣೆಗೆ ನೀರಲ್ಲ. ನಾತ ಬಂದ್ರೆ ಚೆಲ್ಲಿ ಟ್ಯಾಂಕ್ ತೊಳೀರಿ, ಮೇಲೆ ಇನ್ನಷ್ಟು ಎಣ್ಣೆ ಸುರ್ದ್ರೆ ವಾಸನೆ ಹೋಗಲ್ಲ.

ಗಾಳಿ ಮಳೇಲಿ ಮೂರು ಫೇಸಲ್ಲಿ ಒಂದು ಹೋಗೋದು ಮಾಮೂಲು. ಓಡ್ತಿರೋ ಮೋಟಾರ್ ಎರಡು ಫೇಸಲ್ಲೇ ಗುಂಯ್ ಅಂತ ಓಡ್ತಾ ಇರ್ತದೆ, ಕೆಲವೇ ನಿಮಿಷದಲ್ಲಿ ವೈಂಡಿಂಗ್ ಸುಡ್ತದೆ. ಸ್ಟಾರ್ಟರ್ ಜೊತೆ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕ್ಸಿ, ರೀವೈಂಡಿಂಗ್ ಖರ್ಚಿನ ಮುಂದೆ ಅದ್ರ ಬೆಲೆ ಏನೂ ಅಲ್ಲ. ಲೈನ್ ರಿಪೇರಿ ಆಗಿ ಕರೆಂಟ್ ಬಂದ್ಮೇಲೆ ಚಕ್ಕಲ್ಲಿ ಜಾಬ್ ಇಲ್ಲದೆ ಒಂದ್ಸಲ ಸ್ಟಾರ್ಟ್ ಮಾಡಿ ಯಾವ ಕಡೆ ತಿರುಗ್ತದೆ ನೋಡಿ, ಫೇಸ್ ಅದಲು ಬದಲಾಗಿದ್ರೆ ಉಲ್ಟಾ ತಿರುಗ್ತದೆ, ಥ್ರೆಡ್ ಚಕ್ ಇರೋ ಲೇತಲ್ಲಿ ಅದು ಸಣ್ಣ ವಿಷ್ಯ ಅಲ್ಲ. ಮೈಕ್ರೋಮೀಟರ್, ಡಯಲ್, ಲೆವೆಲ್ ಇವನ್ನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಳ ಗಟ್ಟಿ ಇರೋ ಡಬ್ಬೀಲಿ ಸಿಲಿಕಾ ಜೆಲ್ ಹಾಕಿ ಇಡಿ, ಜೆಲ್ ಬಣ್ಣ ತಿರುಗಿದ್ರೆ ಬಾಣಲೇಲಿ ಬಿಸಿ ಮಾಡಿದ್ರೆ ಮತ್ತೆ ಕೆಲ್ಸಕ್ಕೆ ಬರ್ತದೆ, ಅಡಿಗೆ ಬಾಣಲೆ ಮಾತ್ರ ಬೇಡ.